ಪ್ರಯೋಗಶಾಲೆಗೂ ಗ್ರಂಥಭಂಡಾರಕ್ಕೂ ನಡುವಣ ದಾರಿ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ನಾಡಿನ ಮನೆ ಮನೆಯಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಮಗು ವಿಜ್ಞಾನಕ್ಕೆ ಸೇರಬೇಕೆ, ವಾಣಿಜ್ಯಕ್ಕೆ ಸೇರಬೇಕೆ, ಕಲಾ ವಿಭಾಗಕ್ಕೆ ಸೇರಬೇಕೆ? ಉತ್ತರವನ್ನು ಸಾಮಾನ್ಯವಾಗಿ ಅಂಕಪಟ್ಟಿಯೇ ಹೇಳಿಬಿಡುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಗುಂಪು ಒಂದು ಕಡೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಗುಂಪು ಮತ್ತೊಂದು ಕಡೆ. ಹದಿನಾರರ ಹರೆಯದಲ್ಲಿ, ಒಂದೆರಡು ವಾರಗಳ ಅವಧಿಯಲ್ಲಿ ಆಗುವ ಈ ತೀರ್ಮಾನವು ಬಹುಮಂದಿಗೆ ಜೀವಮಾನದ ತೀರ್ಮಾನವೇ ಆಗಿ ನಿಲ್ಲುತ್ತದೆ. ಅದರಲ್ಲಿಯೂ ಒಂದು ವೈಷಮ್ಯವುಂಟು. ವಿಜ್ಞಾನ ಓದಿದವನು ಮುಂದೆ ಮನಸ್ಸು ಬದಲಿಸಿ ಇತಿಹಾಸದ ಪದವಿಗೆ ಸೇರಬಹುದು. ಇತಿಹಾಸ ಓದಿದವನಿಗೆ ಭೌತಶಾಸ್ತ್ರದ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ನಡುವಣ ಬಾಗಿಲು ಒಂದೇ ದಿಕ್ಕಿಗೆ ತೆರೆಯುವಂಥದು.

ಈ ಗೋಡೆ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಭೌತವಿಜ್ಞಾನದಲ್ಲಿ ಶಿಕ್ಷಣ ಪಡೆದು ಕಾದಂಬರಿಕಾರನಾಗಿಯೂ ಹೆಸರಾದ ಸಿ. ಪಿ. ಸ್ನೋ, 1959ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ, ವಿದ್ಯಾವಂತರ ಲೋಕವು ಪರಸ್ಪರ ಮಾತನ್ನೇ ಅರಿಯದ ಎರಡು ಸಂಸ್ಕೃತಿಗಳಾಗಿ ಒಡೆದಿದೆಯೆಂದು ಹೇಳಿದನು. ಸಾಹಿತ್ಯಜ್ಞರಿಗೆ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ತಿಳಿಯದು. ವಿಜ್ಞಾನಿಗಳಿಗೆ ಶ್ರೇಷ್ಠ ಕಾವ್ಯಗಳ ಪರಿಚಯವಿಲ್ಲ. ಎರಡು ಪಕ್ಷದವರಿಗೂ ತಮ್ಮ ಅಜ್ಞಾನದ ಬಗ್ಗೆ ಸಂಕೋಚವಿಲ್ಲ ಎಂಬುದು ಅವನ ದೂರು. ಅದಕ್ಕೆ 1962ರಲ್ಲಿ ಎಫ್. ಆರ್. ಲೀವಿಸ್ ಎಂಬ ವಿಮರ್ಶಕನು ಕಟುವಾದ ಉತ್ತರ ಕೊಟ್ಟನು. ವಾದವು ಬಹುಕಾಲ ನಡೆಯಿತು.

ನಮ್ಮಲ್ಲಿ ಇದರ ಚಿಂತನೆ ಸ್ನೋಗಿಂತ ಹಿಂದಿನದು. ಡಾಕ್ಟರ್ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು 1949ರ ತನ್ನ ವರದಿಯಲ್ಲಿ, ವಿಜ್ಞಾನದವರಿಗೆ ಮಾನವಿಕ ವಿಷಯಗಳನ್ನೂ ಕಲೆಯವರಿಗೆ ವಿಜ್ಞಾನವನ್ನೂ ಪರಿಚಯಿಸುವ ಸಾಮಾನ್ಯ ಶಿಕ್ಷಣ ಬೇಕೆಂದು ಶಿಫಾರಸು ಮಾಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿ ಶಿಕ್ಷಣದಲ್ಲಿ ಮಾನವಿಕ ವಿಷಯಗಳ ಪಾಠವೂ ಸೇರಿದೆ. ಕಲೆ-ವಿಜ್ಞಾನಗಳ ನಡುವಣ ಗಡಸು ಗೆರೆಯನ್ನು ಅಳಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾರಿತು. ಕರ್ನಾಟಕವು 2021ರಲ್ಲಿ ಅದನ್ನು ಕಾಲೇಜುಗಳಿಗೆ ತಂದು, ಬೇರೆ ವಿಭಾಗದ ವಿಷಯವೊಂದನ್ನು ಆರಿಸಿಕೊಳ್ಳಲು ಅವಕಾಶ ಕಲ್ಪಿಸಿತು. 2024ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು.

ಯೋಜನೆಗಳು ಬರುತ್ತವೆ, ಹೋಗುತ್ತವೆ. ಆದರೆ ಅವುಗಳ ಗದ್ದಲದಲ್ಲಿ ಮೂಲ ವಿಷಯವೊಂದು ಮರೆಯಾಗುವ ಭಯವಿದೆ. ಸೋಮವಾರ ರಸಾಯನಶಾಸ್ತ್ರ, ಮಂಗಳವಾರ ಇತಿಹಾಸ ಎಂದು ವೇಳಾಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ಬರೆದ ಮಾತ್ರಕ್ಕೆ ಎರಡು ವಿದ್ಯೆಗಳು ಕೂಡಿದಂತಾಗುವುದಿಲ್ಲ. ಒಂದೇ ಡಬ್ಬಿಯಲ್ಲಿ ಅಕ್ಕಿಯನ್ನೂ ಉದ್ದನ್ನೂ ಹಾಕಿಟ್ಟರೆ ದೋಸೆಯಾಗದು. ಎರಡೂ ವಿದ್ಯೆಗಳ ನೆರವಿಲ್ಲದೆ ಬಿಡಿಸಲಾಗದ ಪ್ರಶ್ನೆಯೊಂದು ವಿದ್ಯಾರ್ಥಿಯ ಮುಂದೆ ನಿಂತಾಗ ಮಾತ್ರ ಅವು ನಿಜವಾಗಿ ಕೂಡುತ್ತವೆ. ಇಂಥ ಪ್ರಶ್ನೆಗಳು ಅಪರೂಪವಲ್ಲ. ಕೆಲವಂತೂ ನಮ್ಮ ಮನೆಯ ಅಂಗಳದಲ್ಲಿಯೇ ಇವೆ. ಅಂಥ ನಾಲ್ಕು ಪ್ರಸಂಗಗಳನ್ನು ಇಲ್ಲಿ ಪರಿಶೀಲಿಸೋಣ.

ನಾಣ್ಯಗಳನ್ನು ತೂಗಿದ ಗಣಿತಜ್ಞ

ದಾಮೋದರ ಧರ್ಮಾನಂದ ಕೋಸಂಬಿ 1907ರಲ್ಲಿ ಗೋವೆಯಲ್ಲಿ ಹುಟ್ಟಿದರು. ತಂದೆ ಪಾಲಿ ಭಾಷೆಯ ಹೆಸರಾಂತ ವಿದ್ವಾಂಸರು. ಮಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಗಣಿತದೊಡನೆ ಹಲವು ಯೂರೋಪಿನ ಭಾಷೆಗಳನ್ನೂ ಓದಿ 1929ರಲ್ಲಿ ಪದವಿ ಪಡೆದರು. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಗಣಿತಜ್ಞರಾಗಿ ದುಡಿದರು.

ತಕ್ಷಶಿಲೆಯ ಅಗೆತದಲ್ಲಿ ಹಳೆಯ ಬೆಳ್ಳಿಯ ನಾಣ್ಯಗಳ ನಿಧಿ ದೊರೆತಿತ್ತು. ಅವುಗಳ ಮೇಲೆ ರಾಜನ ಹೆಸರಿಲ್ಲ, ವರ್ಷವಿಲ್ಲ. ಸೂರ್ಯ, ಆನೆ, ಬೆಟ್ಟ ಮುಂತಾದ ಛಾಪುಗಳು ಮಾತ್ರ ಇವೆ. ಯಾವುದು ಮೊದಲಿನದು, ಯಾವುದು ಅನಂತರದ್ದು ಎಂದು ಹೇಳುವುದು ಹೇಗೆ? ಕೋಸಂಬಿಯವರು ತಕ್ಕಡಿಯನ್ನು ಹಿಡಿದರು. ನಾಣ್ಯವು ಕೈಯಿಂದ ಕೈಗೆ ಹೋಗುವಾಗ ಸವೆಯುತ್ತದೆ. ಒಂದೊಂದು ನಾಣ್ಯದ ಸವೆತವನ್ನು ಮುಂದಾಗಿ ಹೇಳಲಾಗದು. ಆದರೆ ನೂರಾರು ನಾಣ್ಯಗಳ ಸರಾಸರಿ ತೂಕವು ಕಾಲ ಕಳೆದಂತೆ ಕ್ರಮವಾಗಿ ಇಳಿಯುತ್ತದೆ. ಕೆಲವು ಹೆಚ್ಚು ಕೈ ಬದಲಾಯಿಸುವುದರಿಂದಲೂ ಕೆಲವು ಪೆಟ್ಟಿಗೆಯಲ್ಲಿ ಉಳಿಯುವುದರಿಂದಲೂ ತೂಕಗಳ ನಡುವಣ ಅಂತರ ಹೆಚ್ಚುತ್ತ ಹೋಗುತ್ತದೆ. ಈ ತತ್ತ್ವವನ್ನು ಪರೀಕ್ಷಿಸಲು ಅವರು ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನೂ ತೂಗಿ ನೋಡಿದರು. ಹಳೆಯ ನಾಣ್ಯಗಳ ಹಿಂಬದಿಯಲ್ಲಿದ್ದ ಸಣ್ಣ ಗುರುತುಗಳು ಹೆಚ್ಚಿದಷ್ಟೂ ಸರಾಸರಿ ತೂಕ ಕಡಿಮೆಯಿರುವುದು ಅವರಿಗೆ ಕಂಡಿತು. ಹಾಗಾದರೆ ಆ ಗುರುತುಗಳು ಕಾಲಕಾಲಕ್ಕೆ ನಾಣ್ಯವನ್ನು ಪರೀಕ್ಷಿಸಿದವರು ಒತ್ತಿದ ಮುದ್ರೆಗಳಾಗಿರಬೇಕೆಂದು ತಿಳಿದರು.

ಸಂಖ್ಯಾಶಾಸ್ತ್ರ ಅರಿಯದ ಇತಿಹಾಸಕಾರನಿಗೆ ಈ ನಾಣ್ಯಗಳು ಮೂಕವಾಗಿಯೇ ಉಳಿಯುತ್ತಿದ್ದವು. ಇತಿಹಾಸ ಅರಿಯದ ಗಣಿತಜ್ಞನಿಗೆ ಅವು ಬರಿಯ ಲೋಹದ ಚೂರುಗಳಾಗುತ್ತಿದ್ದವು.

ಕವಿಯ ಮಾತ್ರೆ, ಗಣಿತದ ಶ್ರೇಣಿ

ಎರಡನೆಯ ಪ್ರಸಂಗವು ಕನ್ನಡ ತರಗತಿಯಲ್ಲಿಯೇ ಇದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂಬುದನ್ನು ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿಯೇ ಕಲಿಯುತ್ತಾರೆ. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಮಾಡಬಹುದು? ಕಮಲ, ರಾಮ, ರಮಾ ಎಂಬ ಪದಗಳನ್ನು ತೆಗೆದುಕೊಳ್ಳಿರಿ: ಮೂರು ಲಘು, ಗುರು-ಲಘು, ಲಘು-ಗುರು. ಒಟ್ಟು ಮೂರು ಬಗೆ. ನಾಲ್ಕು ಮಾತ್ರೆಗೆ ಸೀತಾ, ಕಮಲಾ, ಭಾರತ, ಮಹೇಶ, ಸರಸಿಜ ಎಂದು ಐದು ಬಗೆ. ಐದು ಮಾತ್ರೆಗೆ ಎಂಟು, ಆರು ಮಾತ್ರೆಗೆ 13.

ಇದರ ಹಿಂದಿರುವ ಕಾರಣ ಸರಳವಾಗಿದೆ. ನಾಲ್ಕು ಮಾತ್ರೆಯ ಗಣವು ಲಘುವಿನಲ್ಲಿ ಮುಗಿಯಬೇಕು, ಇಲ್ಲವೆ ಗುರುವಿನಲ್ಲಿ ಮುಗಿಯಬೇಕು. ಲಘುವಿನಲ್ಲಿ ಮುಗಿದರೆ ಅದರ ಹಿಂದಿರುವುದು ಮೂರು ಮಾತ್ರೆ. ಅದಕ್ಕೆ ಮೂರು ಬಗೆ. ಗುರುವಿನಲ್ಲಿ ಮುಗಿದರೆ ಹಿಂದಿರುವುದು ಎರಡು ಮಾತ್ರೆ. ಅದಕ್ಕೆ ಎರಡು ಬಗೆ. ಮೂರೂ ಎರಡೂ ಐದು. ಹೀಗೆ ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನ ಎರಡರ ಮೊತ್ತ: 1, 2, 3, 5, 8, 13, 21. ಪಾಶ್ಚಾತ್ಯ ಗಣಿತವು ಇದನ್ನು 1202ರಲ್ಲಿ ಗ್ರಂಥ ಬರೆದ ಇಟಲಿಯ ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ. ನಮ್ಮ ದೇಶದ ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರ ಮೊದಲಾದವರು ಅದಕ್ಕಿಂತ ಮುಂಚೆಯೇ ವೃತ್ತಗಳನ್ನು ಎಣಿಸುತ್ತ ಈ ನಿಯಮಕ್ಕೆ ಬಂದಿದ್ದರು. ಹೇಮಚಂದ್ರನ ಕಾಲ ಸುಮಾರು 1150. ಲಘು-ಗುರುಗಳನ್ನು ಕ್ರಮವಾಗಿ ಹರಡಿ ಎಣಿಸುವ ಪ್ರಸ್ತಾರದ ವಿದ್ಯೆಗೆ ಕನ್ನಡದ ಛಂದೋಗ್ರಂಥಗಳಲ್ಲಿಯೂ ಸ್ಥಾನವಿದೆ.

ಇಲ್ಲಿಗೆ ಕಥೆ ಮುಗಿಯದು. ಗಣಿತವು ಮೂರು ಮಾತ್ರೆಗೆ ಮೂರು ಬಗೆಯೆನ್ನುತ್ತದೆ. ಆದರೆ ಕನ್ನಡ ಕವಿಯ ಕಿವಿ ಲಘು-ಗುರುವಿನಿಂದ ಮೊದಲಾಗುವ ಗಣವನ್ನು ಸಾಮಾನ್ಯವಾಗಿ ಒಲ್ಲದು. ಅದನ್ನು ಬಿಟ್ಟರೆ ಮೂರು ಮಾತ್ರೆಗೆ ಎರಡು, ನಾಲ್ಕು ಮಾತ್ರೆಗೆ ನಾಲ್ಕು, ಐದು ಮಾತ್ರೆಗೆ ಆರು ಬಗೆಗಳು ಮಾತ್ರ ಉಳಿಯುತ್ತವೆ. ಎಷ್ಟು ಬಗೆ ಸಾಧ್ಯವೆಂಬುದನ್ನು ಗಣಿತ ಹೇಳುತ್ತದೆ. ಯಾವುದು ಸಲ್ಲುತ್ತದೆಂಬುದನ್ನು ಕಾವ್ಯ ಹೇಳುತ್ತದೆ. ಭಾಮಿನಿ ಷಟ್ಪದಿಯ ಕಾವ್ಯವೊಂದರಲ್ಲಿ ಯಾವ ಬಗೆಯ ಗಣ ಎಷ್ಟು ಸಲ ಬರುತ್ತದೆ, ಯುದ್ಧದ ವರ್ಣನೆಯಲ್ಲಿಯೂ ಶೋಕದ ವರ್ಣನೆಯಲ್ಲಿಯೂ ಆ ಪ್ರಮಾಣ ಬೇರೆಯಾಗುತ್ತದೆಯೆ ಎಂದು ಎಣಿಸಿ ನೋಡುವುದು ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಗೆ ಕೈಗೆಟುಕುವ ಕೆಲಸ.

ಬಳ್ಳಾರಿಯ ಬೂದಿ ದಿಬ್ಬಗಳು

ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಕೆಲವು ಕಡೆ ಬೂದಿಯು ಕರಗಿ ಗಾಜಿನಂಥ ಗಟ್ಟಿಯಾದ ಕಿಟ್ಟವಾಗಿದೆ. ಕುಡತಿನಿಯ ಬಳಿಯ ದಿಬ್ಬವನ್ನು ಜನರು ಭೀಮನು ಕೊಂದ ಹಿಡಿಂಬಾಸುರನ ಚಿತೆಯ ಬೂದಿಯೆಂದರು. ಜ್ವಾಲಾಮುಖಿಯ ಶೇಷವೆಂದು ಕೆಲವರೂ ಲೋಹ ಕರಗಿಸಿದ ಕುಲುಮೆಯ ಕಸವೆಂದು ಕೆಲವರೂ ಊಹಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದು ಸಗಣಿಯ ಬೂದಿಯಿರಬೇಕೆಂದು ಸೂಚಿಸಿದ್ದನು. 1960ರಲ್ಲಿ ಎಫ್. ಇ. ಝಾಯ್ನರ್ ಪ್ರಯೋಗಶಾಲೆಯ ಪರೀಕ್ಷೆಯಿಂದ ಅದನ್ನು ಸಮರ್ಥಿಸಿದನು. ಹುಲ್ಲಿನಲ್ಲಿ ಸಿಲಿಕವಿರುತ್ತದೆ, ಹಸು ಮೇದ ಹುಲ್ಲಿನ ಸಿಲಿಕವು ಸಗಣಿಯಲ್ಲಿ ಉಳಿಯುತ್ತದೆ. ಸಗಣಿಯ ರಾಶಿ ತೀವ್ರವಾಗಿ ಉರಿದಾಗ ಬೂದಿಯ ಕ್ಷಾರದೊಡನೆ ಕೂಡಿ ಆ ಸಿಲಿಕವೇ ಕರಗಿ ಗಾಜಾಗುತ್ತದೆ.

ರಸಾಯನಶಾಸ್ತ್ರವು ಬೂದಿ ಯಾವುದರದೆಂದು ತಿಳಿಸಿತು. ಅಷ್ಟು ಸಗಣಿಯನ್ನು ಯಾರು, ಏಕೆ ಸುಟ್ಟರೆಂದು ತಿಳಿಸಲಿಲ್ಲ. ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ 1957ರಲ್ಲಿ, ಇಂದು ತೆಲಂಗಾಣಕ್ಕೆ ಸೇರಿರುವ ಉಟ್ನೂರಿನ ದಿಬ್ಬವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳು ದೊರೆತವು. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು ಅವು. ದೊಡ್ಡಿಯಲ್ಲಿ ಶೇಖರವಾದ ಸಗಣಿಯನ್ನು ಅವರು ಮತ್ತೆ ಮತ್ತೆ ಸುಟ್ಟಿದ್ದರು. 1963ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆಲ್ಚಿನ್ ಇದಕ್ಕೆ ಅರ್ಥವನ್ನು ಹಬ್ಬಹರಿದಿನಗಳಲ್ಲಿ ಹುಡುಕಿದನು. ಸಂಕ್ರಾಂತಿಯ ಸಂಜೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಅವನ ಯೋಚನೆಯ ಜಾಡು ಥಟ್ಟನೆ ಹೊಳೆಯುತ್ತದೆ. ಈ ಸಂಬಂಧ ಇನ್ನೂ ಊಹೆಯೇ ಹೊರತು ಸಿದ್ಧವಾದ ಸತ್ಯವಲ್ಲ, ವಿದ್ವಾಂಸರಲ್ಲಿ ಚರ್ಚೆಯುಂಟು. ಆದರೆ ಊಹೆಯನ್ನು ಮಾಡಲು ಸಹ ಸಿಲಿಕದ ಗುಣವೂ ಗೊತ್ತಿರಬೇಕು, ಹಳ್ಳಿಯ ಹಬ್ಬವೂ ಗೊತ್ತಿರಬೇಕು.

ಜೇಡಿಮಣ್ಣಿನ ಹಲಗೆ ಮತ್ತು ಭೂಮಿಯ ಗಡಿಯಾರ

ಈವರೆಗಿನ ಪ್ರಸಂಗಗಳಲ್ಲಿ ಇತಿಹಾಸವೂ ಕಾವ್ಯವೂ ವಿಜ್ಞಾನದಿಂದ ನೆರವು ಪಡೆದುವು. ಸಾಲ ಒಂದೇ ಕಡೆಯದಲ್ಲ. ಹಳೆಯ ಬರವಣಿಗೆಯ ಓದಿನಿಂದ ಖಗೋಳವಿಜ್ಞಾನವು ಪಡೆದ ಲಾಭವನ್ನು ನೋಡೋಣ.

ಬ್ಯಾಬಿಲೋನಿನ ಪಂಡಿತರು ಜೇಡಿಮಣ್ಣಿನ ಹಲಗೆಗಳ ಮೇಲೆ ಮೊಳೆಯಾಕಾರದ ಲಿಪಿಯಲ್ಲಿ ಆಕಾಶದ ದಿನಚರಿಯನ್ನು ಬರೆದಿಡುತ್ತಿದ್ದರು. ಕ್ರಿ.ಪೂ. 136ರ ಏಪ್ರಿಲ್ 15ರಂದು ಆ ನಗರದಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತೆಂಬ ದಾಖಲೆ ಅಂಥ ಹಲಗೆಗಳಲ್ಲಿದೆ. ಭೂಮಿಯು ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗುತ್ತ ಬಂದಿದ್ದರೆ, ಲೆಕ್ಕದ ಪ್ರಕಾರ ಆ ಗ್ರಹಣದ ನೆರಳು ಬ್ಯಾಬಿಲೋನಿಗೆ 48 ಡಿಗ್ರಿಗಳಷ್ಟು ಪಶ್ಚಿಮದಲ್ಲಿ ಬೀಳಬೇಕಾಗಿತ್ತು. ಆದರೆ ಅದು ಬ್ಯಾಬಿಲೋನಿನ ಮೇಲೆಯೇ ಬಿದ್ದಿತು. ಅಂದರೆ ಭೂಮಿಯ ಗಡಿಯಾರವು ಈ ನಡುವೆ ಮೂರು ಗಂಟೆಗೂ ಮೀರಿ ಹಿಂದೆ ಬಿದ್ದಿದೆ. ಚಂದ್ರನ ಸೆಳೆತದಿಂದ ಉಂಟಾಗುವ ಉಬ್ಬರವಿಳಿತಗಳು ಭೂಮಿಯ ತಿರುಗಾಟವನ್ನು ತಡೆಯುತ್ತಿರುವುದೇ ಇದಕ್ಕೆ ಮುಖ್ಯ ಕಾರಣ.

ಇಂಗ್ಲೆಂಡಿನ ಎಫ್. ಆರ್. ಸ್ಟೀಫನ್‌ಸನ್ ಮತ್ತು ಅವನ ಸಂಗಡಿಗರು ಬ್ಯಾಬಿಲೋನ್, ಚೀನ, ಅರಬ್ಬೀ, ಯೂರೋಪಿನ ದಾಖಲೆಗಳನ್ನು ಕೂಡಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹಗಲಿರುಳು ಕೂಡಿದ ಒಂದು ದಿನದ ಉದ್ದವು ಶತಮಾನಕ್ಕೆ ಸುಮಾರು 1.8 ಮಿಲಿಸೆಕೆಂಡಿನಷ್ಟು ಹೆಚ್ಚುತ್ತಿದೆ. ಒಂದು ದಿನಕ್ಕೆ ಏನೂ ಅಲ್ಲದ ಈ ಅಂತರ, 7 ಲಕ್ಷಕ್ಕೂ ಮಿಗಿಲಾದ ದಿನಗಳಲ್ಲಿ ಹನಿಗೂಡಿ ಹಳ್ಳವಾಯಿತು. ಪರಮಾಣು ಗಡಿಯಾರಗಳು ಬಂದು ನೂರು ವರ್ಷವೂ ಆಗಿಲ್ಲ. ಎರಡು ಸಾವಿರ ವರ್ಷಗಳ ಅಳತೆಗೆ ಲಿಪಿಯನ್ನು ಓದಬಲ್ಲವರೇ ಗತಿ.

ಎರಡು ದೋಣಿಯ ಭಯ

ಇಷ್ಟು ಹೇಳಿದ ಮೇಲೆಯೂ ಆಕ್ಷೇಪಗಳು ಉಳಿಯುತ್ತವೆ. ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುವನೆಂದು ಹಿರಿಯರು ಎಚ್ಚರಿಸುತ್ತಾರೆ. ಆ ಮಾತನ್ನು ತಳ್ಳಿಹಾಕಬಾರದು. ಮೂರು ವರ್ಷಗಳ ಪದವಿಯಲ್ಲಿ ಭೌತಶಾಸ್ತ್ರವನ್ನು ಸರಿಯಾಗಿ ಕಲಿಯುವುದೇ ಕಷ್ಟ. ಮಧ್ಯಾಹ್ನವೆಲ್ಲ ಪ್ರಯೋಗಶಾಲೆಯಲ್ಲಿ ಕಳೆಯುತ್ತದೆ. ಮನೆಯ ಸಾಲ ತೀರಿಸಬೇಕಾದ ವಿದ್ಯಾರ್ಥಿಗೆ ಉದ್ಯೋಗದ ಚಿಂತೆಯೂ ಇರುತ್ತದೆ. ಎಲ್ಲವನ್ನೂ ಸ್ವಲ್ಪಸ್ವಲ್ಪ ರುಚಿ ನೋಡಿ ಯಾವುದನ್ನೂ ಜೀರ್ಣಿಸಿಕೊಳ್ಳದವನಿಂದ ಯಾವ ವಿದ್ಯೆಗೂ ಉಪಕಾರವಿಲ್ಲ. ಕೋಸಂಬಿಯವರು ನಾಣ್ಯಗಳಿಗೆ ಕೈಹಚ್ಚುವ ಮೊದಲು ಗಣಿತದಲ್ಲಿ ಪೂರ್ಣ ಪ್ರವೀಣರಾಗಿದ್ದರೆಂಬುದನ್ನು ಮರೆಯಲಾಗದು. ಒಂದು ವಿದ್ಯೆಯಲ್ಲಿ ಆಳವಾದ ಬೇರು, ಇನ್ನೊಂದರಲ್ಲಿ ಅದರ ಭಾಷೆಯನ್ನು ಓದಿ ತಿಳಿಯುವಷ್ಟು ಶ್ರದ್ಧೆ: ಪದವಿ ತರಗತಿಯಲ್ಲಿ ಇಷ್ಟನ್ನು ಬಯಸಬಹುದು.

ಆದರೆ ಒಂದೇ ದೋಣಿಯಲ್ಲಿ ಕುಳಿತವನೂ ಸುರಕ್ಷಿತನಲ್ಲ. ಪ್ರಾಚೀನ ಋಷಿಯೊಬ್ಬನು ವಿಮಾನ ಕಟ್ಟುವ ವಿಧಾನವನ್ನು ಬರೆದಿಟ್ಟಿದ್ದಾನೆಂದು ಹೇಳುವ ವೈಮಾನಿಕ ಶಾಸ್ತ್ರವೆಂಬ ಸಂಸ್ಕೃತ ಗ್ರಂಥದ ಹೆಸರನ್ನು ಅನೇಕರು ಕೇಳಿರಬಹುದು. ಅದರ ಭಾಷೆಯನ್ನರಿಯದ ಯಂತ್ರಜ್ಞನು ಅದನ್ನು ಬೆರಗಿನಿಂದ ನಂಬಬಹುದು. ವಾಯುಚಲನೆಯ ನಿಯಮವನ್ನರಿಯದ ಪಂಡಿತನು ಗೌರವದಿಂದ ನಂಬಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಅದನ್ನು ಎರಡು ಕಡೆಯಿಂದಲೂ ಪರೀಕ್ಷಿಸಿದರು. ಗ್ರಂಥದ ಭಾಷೆಯನ್ನೂ ಹಸ್ತಪ್ರತಿಯ ಇತಿಹಾಸವನ್ನೂ ನೋಡಿ, ಅದು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಸೇರಿದ ರಚನೆಯೆಂದು ಕಂಡುಕೊಂಡರು. ಚಿತ್ರಗಳಲ್ಲಿರುವ ವಿಮಾನಗಳು ಹಾರಲಾರವೆಂದು ವಿಮಾನವಿಜ್ಞಾನದಿಂದ ತೋರಿಸಿದರು. ಪೂರ್ವಿಕರ ನಿಜವಾದ ಸಾಧನೆಯಾದ ಮಾತ್ರಾಗಣಿತವನ್ನೂ ಅವರ ಹೆಸರಿಗೆ ಅಂಟಿಸಿದ ಕಲ್ಪನೆಯನ್ನೂ ಬೇರ್ಪಡಿಸುವುದು ಇಂಥ ಜೋಡುಗಣ್ಣಿಗೆ ಮಾತ್ರ ಸಾಧ್ಯ. ಪ್ರತಿದಿನವೂ ಕೈಯಲ್ಲಿರುವ ಫೋನಿಗೆ ಇಂಥ ಹತ್ತು ಮಾತುಗಳು ಬಂದು ಬೀಳುವ ಈ ಕಾಲದಲ್ಲಿ ಅದು ವಿದ್ವಾಂಸರ ವಿಲಾಸವಲ್ಲ, ಪ್ರಜೆಗಳ ಅಗತ್ಯ.

ಕಾಲೇಜಿನ ಅಂಗಳದಲ್ಲಿ

ಹಾಗಾದರೆ ಹೊಸ ಆಜ್ಞೆ ಹೊರಡುವವರೆಗೆ ಕಾಯಬೇಕೆ? ಕಾಯಬೇಕಾಗಿಲ್ಲ. ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲಿ ಎರಡು ಭಾಷೆಗಳನ್ನು ಓದಬೇಕಾಗುತ್ತದೆ. ಇದನ್ನು ಹೊರೆಯೆಂದು ಭಾವಿಸುವವರೇ ಹೆಚ್ಚು. ಆದರೆ ಅನೇಕ ವಿಜ್ಞಾನ ವಿದ್ಯಾರ್ಥಿಗಳಿಗೆ ಮಾನವಿಕ ಲೋಕದ ಕಡೆಗೆ ತೆರೆದಿರುವ ಮುಖ್ಯ ಕಿಟಕಿ ಅದೇ. ಕನ್ನಡ ಅಧ್ಯಾಪಕರೂ ಗಣಿತದ ಅಧ್ಯಾಪಕರೂ ವರ್ಷಕ್ಕೆ ಎರಡು ಗಂಟೆ ಒಂದೇ ತರಗತಿಯಲ್ಲಿ ನಿಂತು ಪ್ರಸ್ತಾರವನ್ನು ಪಾಠ ಮಾಡಿದರೆ ಖರ್ಚೇನೂ ಇಲ್ಲ.

ಬಿ. ಎಲ್. ರೈಸ್ 1886ರಲ್ಲಿ ಪ್ರಕಟಿಸಲು ತೊಡಗಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು ತಾಲ್ಲೂಕುವಾರಾಗಿ ಅಚ್ಚಾಗಿವೆ. ಅವುಗಳಲ್ಲಿ ಗ್ರಹಣದಂದು ಕೊಟ್ಟ ದತ್ತಿಗಳು ಹಲವು. ಶಕವರ್ಷ, ತಿಥಿ, ವಾರಗಳನ್ನು ಇತಿಹಾಸದ ವಿದ್ಯಾರ್ಥಿನಿ ಓದಿ ಹೇಳಲಿ; ಆ ದಿನ ಆ ಊರಿನಲ್ಲಿ ಗ್ರಹಣ ಕಾಣುತ್ತಿತ್ತೆ ಎಂದು ಭೌತಶಾಸ್ತ್ರದ ವಿದ್ಯಾರ್ಥಿ ಲೆಕ್ಕ ಹಾಕಲಿ. ಹೊಂದಿದರೆ ಶಾಸನದ ಕಾಲ ದೃಢವಾಗುತ್ತದೆ. ಹೊಂದದಿದ್ದರೆ ಲಿಪಿಕಾರನು ತಪ್ಪಿದನೆ, ಪಂಚಾಂಗದ ಲೆಕ್ಕ ತಪ್ಪಿತೆ, ಶಾಸನವೇ ಕೂಟವೆ ಎಂಬ ಹೊಸ ಪ್ರಶ್ನೆ ಹುಟ್ಟುತ್ತದೆ. ಇಬ್ಬರಲ್ಲಿ ಯಾರೊಬ್ಬರೂ ಒಂಟಿಯಾಗಿ ಆ ಪ್ರಶ್ನೆಯವರೆಗೆ ಬರಲಾರರು.

ಸಸ್ಯಶಾಸ್ತ್ರದ ಪ್ರವಾಸವನ್ನು ಹೇಗೆ ಮಾಡಬೇಕೆಂಬುದಕ್ಕೆ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮ ಮುಂದಿದೆ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಆ ಅಧ್ಯಾಪಕರು ಗಿಡದ ಅಂಗರಚನೆಯೊಡನೆ ಅದರ ಹೆಸರು, ಬಳಕೆ, ಕಥೆಗಳನ್ನೂ ಕೂಡಿಸಿಯೇ ಹೇಳಿದರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಇನ್ನು ಕಲಾ ವಿಭಾಗದ ವಿದ್ಯಾರ್ಥಿಗಳ ಮಾತು. ಅವರಿಗೆ ಮುಚ್ಚಿರುವ ಬಾಗಿಲನ್ನು ತೆರೆಯುವುದು ಹೆಚ್ಚು ತುರ್ತಾದ ಕೆಲಸ. ಇತಿಹಾಸ, ಭಾಷಾಶಾಸ್ತ್ರ, ಸಮಾಜಶಾಸ್ತ್ರಗಳ ವಿದ್ಯಾರ್ಥಿಗೆ ಪ್ರಾರಂಭದಿಂದ ಹೇಳಿಕೊಡುವ ಸಂಖ್ಯಾಶಾಸ್ತ್ರದ ಒಂದು ಪಾಠ, ತಕ್ಕಡಿಯನ್ನೂ ಸೂಕ್ಷ್ಮದರ್ಶಕವನ್ನೂ ಮುಟ್ಟಲು ವಾರಕ್ಕೊಂದು ಮಧ್ಯಾಹ್ನ: ಇಷ್ಟು ದೊರೆತರೂ ಸಾಕು. ಹದಿನಾರನೆಯ ವರ್ಷದಲ್ಲಿ ಗಣಿತದ ಅಂಕಗಳು ಕಡಿಮೆಯಾದವೆಂಬ ಒಂದೇ ಕಾರಣಕ್ಕೆ ಅಳೆಯುವ, ಎಣಿಸುವ ಹಕ್ಕನ್ನು ಯಾರಿಂದಲೂ ಕಿತ್ತುಕೊಳ್ಳಬಾರದು. ನಾಳೆ ಬಳ್ಳಾರಿಯ ಇನ್ನೊಂದು ದಿಬ್ಬದ ಗುಟ್ಟನ್ನು ಬಿಡಿಸಬೇಕಾದವಳು, ಇಂದು ರಸಾಯನಶಾಸ್ತ್ರ ತನಗಲ್ಲವೆಂದು ತಿಳಿದು ಕಲಾ ವಿಭಾಗದ ಬೆಂಚಿನಲ್ಲಿ ಕುಳಿತಿರಬಹುದು.